ಹೆಲೆನ್ ಕೆಲರ್

ಹೆಲೆನ್ ಆಡಮ್ಸ್ ಕೆಲರ್ (ಜೂನ್ 27, 1880 – ಜೂನ್ 1, 1968) ಅಮೆರಿಕದ ಲೇಖಕಿ, ಉಪನ್ಯಾಸಕಿ ಮತ್ತು ಸಾಮಾಜಿಕ ಕಾರ್ಯಕರ್ತೆ. ಹತ್ತೊಂಬತ್ತು ತಿಂಗಳ ಮಗುವಾಗಿದ್ದಾಗ ದೃಷ್ಟಿ ಹಾಗೂ ಶ್ರವಣ ಶಕ್ತಿಗಳೆರಡನ್ನೂ ಕಳೆದುಕೊಂಡ ಇವರು, 1904ರಲ್ಲಿ ರಾಡ್‌ಕ್ಲಿಫ್ ಕಾಲೇಜಿನಿಂದ ಪದವಿ ಪಡೆದು, ಬಿ.ಎ. ಪದವೀಧರರಾದ ಪ್ರಥಮ ಅಂಧ-ಬಧಿರ ವ್ಯಕ್ತಿ ಎನಿಸಿದರು. ಅಂಗವಿಕಲ ವಿದ್ಯಾರ್ಥಿಗಳಿಗಾಗಿ ಕಾಲೇಜುಗಳಲ್ಲಿ ಯಾವುದೇ ವ್ಯವಸ್ಥೆಯೂ ನಿಯಮವೂ ಇಲ್ಲದಿದ್ದ ಕಾಲದಲ್ಲಿ ಇವರು ಪಡೆದ ಶಿಕ್ಷಣವು, ಇಂತಹ ವಿದ್ಯಾರ್ಥಿಗಳಿಗೆ ಉನ್ನತ ಶಿಕ್ಷಣದಲ್ಲಿ ಯಾವ ಬಗೆಯ ಅನುಕೂಲಗಳು ಅಗತ್ಯ ಎಂಬುದಕ್ಕೆ ಒಂದು ಆರಂಭಿಕ ನಿದರ್ಶನವಾಗಿದೆ.

ಜನನ ಮತ್ತು ಬಾಲ್ಯ

ಹೆಲೆನ್ ಕೆಲರ್ ಅವರು ಅಲಬಾಮಾ ರಾಜ್ಯದ ಟಸ್ಕಂಬಿಯಾ ಎಂಬ ಊರಿನಲ್ಲಿ ಜನಿಸಿದರು. ತಂದೆ ಆರ್ಥರ್ ಕೆಲರ್ ಅಮೆರಿಕದ ಅಂತರ್ಯುದ್ಧದಲ್ಲಿ ದಕ್ಷಿಣ ರಾಜ್ಯಗಳ ಸೈನ್ಯದಲ್ಲಿ ಸೇವೆ ಸಲ್ಲಿಸಿದ್ದವರು. ಅನಂತರ ಸ್ಥಳೀಯ ಪತ್ರಿಕೆಯೊಂದರ ಸಂಪಾದಕರಾಗಿದ್ದರು. ತಾಯಿ ಕೇಟ್ ಆಡಮ್ಸ್ ಕೆಲರ್. 1882ರ ಆರಂಭದಲ್ಲಿ ಮಗು ತೀವ್ರವಾದ ಜ್ವರಕ್ಕೆ ತುತ್ತಾಯಿತು. ಆ ಕಾಯಿಲೆಯನ್ನು ಅಂದಿನ ವೈದ್ಯರು ಜಠರ ಮತ್ತು ಮೆದುಳಿನ ರಕ್ತಸಂಚಯ ಎಂದು ವರ್ಣಿಸಿದ್ದರು. ಅದು ಮಿದುಳುಪೊರೆಯ ಉರಿಯೂತ ಅಥವಾ ಕೆಂಪು ಜ್ವರ ಆಗಿದ್ದಿರಬಹುದೆಂಬುದು ನಂತರದವರ ಊಹೆ. ಜ್ವರ ಇಳಿದು ಮಗು ಬದುಕಿ ಉಳಿಯಿತಾದರೂ ಅದರ ಕಣ್ಣು ಮತ್ತು ಕಿವಿಗಳ ಶಕ್ತಿ ಮರಳಲಿಲ್ಲ.

ಬಾಲಕಿಯು ಮನೆಯವರೊಡನೆ ತಾನೇ ರೂಪಿಸಿಕೊಂಡ ಕೆಲವು ಸನ್ನೆಗಳ ಮೂಲಕ ವ್ಯವಹರಿಸುತ್ತಿದ್ದಳು. ಬಾಸ್ಟನ್ನಿನ ಪರ್ಕಿನ್ಸ್ ಅಂಧರ ಸಂಸ್ಥೆಯಲ್ಲಿ ಲಾರಾ ಬ್ರಿಜ್‌ಮನ್ ಎಂಬ ಅಂಧ-ಬಧಿರ ಹುಡುಗಿ ಅಕ್ಷರ ಕಲಿತ ವಿಷಯವನ್ನು ತಾಯಿ ಚಾರ್ಲ್ಸ್ ಡಿಕನ್ಸ್ ಅವರ ಅಮೆರಿಕ ಪ್ರವಾಸ ಕಥನದಲ್ಲಿ ಓದಿದ್ದರು. ಈ ಆಸೆಯಿಂದ ಕುಟುಂಬವು ಬಾಲ್ಟಿಮೋರಿನ ನೇತ್ರವೈದ್ಯರನ್ನೂ, ಅವರ ಸಲಹೆಯಂತೆ ಅಲೆಕ್ಸಾಂಡರ್ ಗ್ರಹಾಂ ಬೆಲ್ ಅವರನ್ನೂ ಕಂಡಿತು. ದೂರವಾಣಿಯ ಸಂಶೋಧಕರೆಂದು ಪ್ರಸಿದ್ಧರಾದ ಬೆಲ್ ಅವರು ಕಿವುಡ ಮಕ್ಕಳ ಶಿಕ್ಷಣದಲ್ಲಿಯೂ ನಿರತರಾಗಿದ್ದರು. ಅವರು ಪರ್ಕಿನ್ಸ್ ಸಂಸ್ಥೆಗೆ ಪತ್ರ ಬರೆಯುವಂತೆ ಸೂಚಿಸಿದರು. ಸಂಸ್ಥೆಯ ನಿರ್ದೇಶಕರಾದ ಮೈಕೆಲ್ ಅನಾಗ್ನೋಸ್ ಅವರು ತಮ್ಮ ಹಳೆಯ ವಿದ್ಯಾರ್ಥಿನಿ ಆನ್ ಸಲಿವನ್ ಅವರನ್ನು ಶಿಕ್ಷಕಿಯಾಗಿ ಕಳುಹಿಸಿಕೊಟ್ಟರು.

ಆನ್ ಸಲಿವನ್ ಮತ್ತು ಆರಂಭಿಕ ಶಿಕ್ಷಣ

ಆನ್ ಸಲಿವನ್ ಅವರು 1887ರ ಮಾರ್ಚ್ 3ರಂದು ಟಸ್ಕಂಬಿಯಾಕ್ಕೆ ಬಂದರು. ಆಗ ಅವರಿಗೆ ಇನ್ನೂ ಇಪ್ಪತ್ತೊಂದು ತುಂಬಿರಲಿಲ್ಲ. ಟ್ರಕೋಮಾ ಎಂಬ ಕಣ್ಣಿನ ರೋಗದಿಂದ ಅವರ ದೃಷ್ಟಿಯೂ ಬಾಲ್ಯದಿಂದಲೇ ಕುಂದಿತ್ತು. ಶಸ್ತ್ರಚಿಕಿತ್ಸೆಗಳ ನಂತರ ಓದುವಷ್ಟು ದೃಷ್ಟಿ ದೊರಕಿತ್ತು. ಅವರು ಬಾಲಕಿಯ ಅಂಗೈಯಲ್ಲಿ ಬೆರಳ ಅಕ್ಷರಮಾಲೆಯಿಂದ ಪದಗಳನ್ನು ಬರೆಯತೊಡಗಿದರು. ಈ ಪದ್ಧತಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಬೆರಳುಗಳ ಒಂದು ವಿನ್ಯಾಸವಿದ್ದು, ನೋಡಲಾಗದವರು ಅದನ್ನು ತಮ್ಮ ಕೈಯಿಂದ ಮುಟ್ಟಿ ಗ್ರಹಿಸುತ್ತಾರೆ. ಏಪ್ರಿಲ್ 5ರಂದು ನೀರಿನ ಪಂಪಿನ ಬಳಿ, ಒಂದು ಕೈಯ ಮೇಲೆ ನೀರು ಸುರಿಯುತ್ತಿರುವಾಗ ಇನ್ನೊಂದು ಕೈಯಲ್ಲಿ ಅದರ ಹೆಸರನ್ನು ಬರೆದಾಗ, ಪ್ರತಿಯೊಂದು ವಸ್ತುವಿಗೂ ಒಂದು ಹೆಸರಿದೆ ಎಂಬುದು ಬಾಲಕಿಗೆ ಹೊಳೆಯಿತು.

1888ರಿಂದ ಹೆಲೆನ್ ಅವರು ಆಗಾಗ್ಗೆ ಪರ್ಕಿನ್ಸ್ ಸಂಸ್ಥೆಯಲ್ಲಿದ್ದು ಅಲ್ಲಿಯ ಉಬ್ಬಕ್ಷರದ ಪುಸ್ತಕಗಳನ್ನು ಓದಿದರು. 1890ರಲ್ಲಿ ಸಾರಾ ಫುಲ್ಲರ್ ಅವರಿಂದ ಮಾತಿನ ಪಾಠಗಳನ್ನು ಪಡೆದರು. 1894ರಿಂದ 1896ರವರೆಗೆ ನ್ಯೂಯಾರ್ಕಿನ ರೈಟ್-ಹ್ಯೂಮಸನ್ ಕಿವುಡರ ಶಾಲೆಯಲ್ಲಿ ವ್ಯಾಸಂಗ ಮಾಡಿದರು. ಅವರ ಮಾತು ಪರಿಚಿತರಿಗೆ ಅರ್ಥವಾಗುತ್ತಿತ್ತಾದರೂ ಹೊಸಬರಿಗೆ ತಿಳಿಯುವುದು ಕಷ್ಟವಾಗಿತ್ತು. ಕಾಲೇಜು ಸೇರುವ ಹಂಬಲ ಅವರಲ್ಲಿ ಬಾಲ್ಯದಿಂದಲೂ ಇತ್ತು.

ಕೇಂಬ್ರಿಡ್ಜ್ ಶಾಲೆ

1896ರ ಅಕ್ಟೋಬರಿನಲ್ಲಿ ಹೆಲೆನ್ ಅವರು ಮ್ಯಾಸಚೂಸೆಟ್ಸ್ ರಾಜ್ಯದ ಕೇಂಬ್ರಿಡ್ಜ್ ನಗರದಲ್ಲಿದ್ದ ಬಾಲಕಿಯರ ಶಾಲೆಯೊಂದನ್ನು ಸೇರಿದರು. ರಾಡ್‌ಕ್ಲಿಫ್ ಕಾಲೇಜಿನ ಪ್ರವೇಶಕ್ಕೆ ಸಿದ್ಧತೆ ನಡೆಸುವುದು ಇದರ ಉದ್ದೇಶವಾಗಿತ್ತು. ಅಂದು ಹಾರ್ವರ್ಡ್ ವಿಶ್ವವಿದ್ಯಾಲಯವು ಮಹಿಳೆಯರಿಗೆ ಪ್ರವೇಶ ನೀಡುತ್ತಿರಲಿಲ್ಲ. ಅದಕ್ಕೆ ಹೊಂದಿಕೊಂಡಿದ್ದ ಮಹಿಳಾ ಕಾಲೇಜೇ ರಾಡ್‌ಕ್ಲಿಫ್. ಅಲ್ಲಿ ಪಾಠ ಹೇಳುತ್ತಿದ್ದವರು ಹಾರ್ವರ್ಡಿನ ಪ್ರಾಧ್ಯಾಪಕರು.

ಶ್ರವಣ ಮತ್ತು ದೃಷ್ಟಿ ಇರುವ ಸಹಪಾಠಿಗಳ ನಡುವೆ ಹೆಲೆನ್ ಅವರು ಕಲಿತದ್ದು ಇದೇ ಮೊದಲು. ಆನ್ ಸಲಿವನ್ ಅವರು ಪ್ರತಿ ತರಗತಿಯಲ್ಲೂ ಪಕ್ಕದಲ್ಲಿ ಕುಳಿತು ಪಾಠವನ್ನು ಅಂಗೈಗೆ ತಲುಪಿಸುತ್ತಿದ್ದರು. ಶಾಲೆಯ ಮುಖ್ಯಸ್ಥರಾದ ಆರ್ಥರ್ ಗಿಲ್ಮನ್ ಮತ್ತು ಜರ್ಮನ್ ಶಿಕ್ಷಕಿ ಇವರಿಬ್ಬರು ಬೆರಳ ಅಕ್ಷರಮಾಲೆಯನ್ನು ತಾವೇ ಕಲಿತರು. ಉಳಿದ ಪಾಠಗಳೆಲ್ಲವೂ ಸಲಿವನ್ ಅವರ ಕೈಯ ಮೂಲಕವೇ ಬರಬೇಕಾಗಿತ್ತು. ಹೆಲೆನ್ ಅವರಿಗೆ ತರಗತಿಯಲ್ಲಿ ಟಿಪ್ಪಣಿ ಬರೆದುಕೊಳ್ಳುವುದು ಸಾಧ್ಯವಿರಲಿಲ್ಲ, ಏಕೆಂದರೆ ಅವರ ಕೈಗಳು ಕೇಳುವ ಕೆಲಸದಲ್ಲಿ ತೊಡಗಿರುತ್ತಿದ್ದವು. ಪ್ರಬಂಧ ಮತ್ತು ಅನುವಾದಗಳನ್ನು ಅವರು ಮನೆಗೆ ಬಂದ ನಂತರ ಬೆರಳಚ್ಚು ಯಂತ್ರದಲ್ಲಿ ಸಿದ್ಧಪಡಿಸುತ್ತಿದ್ದರು. ಪಠ್ಯಪುಸ್ತಕಗಳನ್ನು ಉಬ್ಬಕ್ಷರದಲ್ಲಿ ಮುದ್ರಿಸಿಕೊಡಲು ಲಂಡನ್ ಮತ್ತು ಫಿಲಡೆಲ್ಫಿಯಾದ ಸ್ನೇಹಿತರು ಶ್ರಮಿಸಿದರಾದರೂ ಅವು ಹಲವು ಬಾರಿ ಸಮಯಕ್ಕೆ ಸರಿಯಾಗಿ ಬರುತ್ತಿರಲಿಲ್ಲ.

ಎರಡನೆಯ ವರ್ಷದಲ್ಲಿ ಗಣಿತದ ಪಾಠಗಳು ಹೆಚ್ಚಾದಾಗ ತೊಡಕುಗಳೂ ಹೆಚ್ಚಿದವು. ಕಪ್ಪುಹಲಗೆಯ ಮೇಲೆ ಬರೆಯುವ ಜ್ಯಾಮಿತಿಯ ಆಕೃತಿಗಳನ್ನು ಗ್ರಹಿಸುವ ಉಪಾಯ ಇರಲಿಲ್ಲ. ನೇರ ಮತ್ತು ಬಾಗಿದ ತಂತಿಗಳನ್ನು ಮೆತ್ತೆಯೊಂದರ ಮೇಲೆ ಚುಚ್ಚಿ ಆಕೃತಿಗಳನ್ನು ರಚಿಸಿಕೊಂಡು, ಬಿಂದುಗಳ ಹೆಸರು, ಪ್ರಮೇಯದ ಊಹೆ, ಸಾಧನೆಯ ಕ್ರಮ ಇವೆಲ್ಲವನ್ನೂ ಅವರು ನೆನಪಿನಲ್ಲಿಯೇ ಇರಿಸಿಕೊಳ್ಳಬೇಕಾಗಿತ್ತು. ಹೆಲೆನ್ ಅವರ ಮೇಲೆ ಅತಿಯಾದ ಒತ್ತಡ ಬೀಳುತ್ತಿದೆ ಎಂದು ಗಿಲ್ಮನ್ ಅಭಿಪ್ರಾಯಪಟ್ಟು ವ್ಯಾಸಂಗದ ಅವಧಿಯನ್ನು ವಿಸ್ತರಿಸಲು ಮುಂದಾದರು. ಸಲಿವನ್ ಇದನ್ನು ಒಪ್ಪಲಿಲ್ಲ. ಈ ಭಿನ್ನಾಭಿಪ್ರಾಯದ ಫಲವಾಗಿ 1897ರ ಡಿಸೆಂಬರಿನಲ್ಲಿ ತಾಯಿಯವರು ಹೆಲೆನ್ ಅವರನ್ನು ಶಾಲೆಯಿಂದ ಬಿಡಿಸಿದರು. ಮುಂದಿನ ಸಿದ್ಧತೆಯು ಮರ್ಟನ್ ಕೀತ್ ಎಂಬ ಖಾಸಗಿ ಶಿಕ್ಷಕರ ಬಳಿ ನಡೆಯಿತು. ತರಗತಿಯ ವೇಗಕ್ಕೆ ಹೊಂದಿಕೊಳ್ಳಬೇಕಾದ ನಿರ್ಬಂಧ ತಪ್ಪಿದ್ದರಿಂದ ಗಣಿತವೂ ಸುಗಮವಾಯಿತು.

ಪ್ರವೇಶ ಪರೀಕ್ಷೆಗಳು

ರಾಡ್‌ಕ್ಲಿಫ್ ಕಾಲೇಜಿನ ಪ್ರವೇಶ ಪರೀಕ್ಷೆಗಳನ್ನು ಹೆಲೆನ್ ಕೆಲರ್ ಎರಡು ಹಂತಗಳಲ್ಲಿ ಬರೆದರು. ಈ ಎರಡು ಹಂತಗಳಲ್ಲಿ ಅವರಿಗೆ ದೊರೆತ ಅನುಕೂಲಗಳು ಒಂದೇ ರೀತಿಯವಾಗಿರಲಿಲ್ಲ.

ಪ್ರಾಥಮಿಕ ಪರೀಕ್ಷೆಗಳು 1897ರ ಜೂನ್ 29ರಿಂದ ಜುಲೈ 3ರವರೆಗೆ ನಡೆದವು. ಜರ್ಮನ್, ಫ್ರೆಂಚ್, ಲ್ಯಾಟಿನ್, ಇಂಗ್ಲಿಷ್ ಹಾಗೂ ಗ್ರೀಕ್-ರೋಮನ್ ಇತಿಹಾಸ ವಿಷಯಗಳಾಗಿದ್ದವು. ಬೆರಳಚ್ಚು ಯಂತ್ರದ ಸದ್ದು ಇತರರಿಗೆ ತೊಂದರೆಯಾಗದಿರಲೆಂದು ಅವರಿಗೆ ಪ್ರತ್ಯೇಕ ಕೊಠಡಿಯನ್ನು ನೀಡಲಾಯಿತು. ಗಿಲ್ಮನ್ ಅವರು ಪ್ರಶ್ನೆಪತ್ರಿಕೆಯನ್ನು ಬೆರಳ ಅಕ್ಷರಗಳಲ್ಲಿ ಓದಿ ಹೇಳಿದರು; ಪ್ರಶ್ನೆ ಸರಿಯಾಗಿ ತಿಳಿಯಿತೆಂದು ತೋರಿಸಲು ಹೆಲೆನ್ ಪ್ರತಿ ಪದವನ್ನೂ ಗಟ್ಟಿಯಾಗಿ ಹೇಳುತ್ತಿದ್ದರು. ಉತ್ತರಗಳನ್ನು ಬೆರಳಚ್ಚು ಮಾಡಿದ ನಂತರ ಸಮಯವಿರುವಷ್ಟು ಮಟ್ಟಿಗೆ ಗಿಲ್ಮನ್ ಅವನ್ನು ಮರಳಿ ಓದಿ ಹೇಳಿದರು, ಅಗತ್ಯವಾದ ತಿದ್ದುಪಡಿಗಳನ್ನು ಸೇರಿಸಿದರು. ಇತರ ಅಭ್ಯರ್ಥಿಗಳ ಗುರುತನ್ನು ಸಂಖ್ಯೆಯಿಂದ ಮರೆಮಾಡಲಾಗಿತ್ತು. ಬೆರಳಚ್ಚಿನ ಉತ್ತರಪತ್ರಿಕೆ ಇವರೊಬ್ಬರದೇ ಆಗಿದ್ದರಿಂದ ಇವರ ಗುರುತು ಮರೆಯಾಗುವಂತಿರಲಿಲ್ಲ. ಹೆಲೆನ್ ಎಲ್ಲ ವಿಷಯಗಳಲ್ಲೂ ತೇರ್ಗಡೆಯಾಗಿ, ಜರ್ಮನ್ ಮತ್ತು ಇಂಗ್ಲಿಷ್‌ಗಳಲ್ಲಿ ಗೌರವಾಂಕಗಳನ್ನು ಪಡೆದರು.

ಅಂತಿಮ ಪರೀಕ್ಷೆಗಳು 1899ರ ಜೂನ್ 29 ಮತ್ತು 30ರಂದು ನಡೆದವು. ಗ್ರೀಕ್, ಉನ್ನತ ಲ್ಯಾಟಿನ್, ಜ್ಯಾಮಿತಿ ಮತ್ತು ಬೀಜಗಣಿತ ಇದರಲ್ಲಿ ಸೇರಿದ್ದವು. ಈ ಬಾರಿ ಪ್ರಶ್ನೆಪತ್ರಿಕೆಗಳನ್ನು ಸಲಿವನ್ ಓದಿ ಹೇಳುವುದಕ್ಕೆ ಕಾಲೇಜಿನ ಅಧಿಕಾರಿಗಳು ಒಪ್ಪಲಿಲ್ಲ. ಬದಲಾಗಿ ಪರ್ಕಿನ್ಸ್ ಸಂಸ್ಥೆಯ ಶಿಕ್ಷಕರಾದ ಯೂಜೀನ್ ವೈನಿಂಗ್ ಅವರನ್ನು ನೇಮಿಸಿ, ಪ್ರಶ್ನೆಗಳನ್ನು ಅಮೆರಿಕನ್ ಬ್ರೈಲ್ ಲಿಪಿಯಲ್ಲಿ ಬರೆದುಕೊಡುವಂತೆ ಮಾಡಲಾಯಿತು. ವೈನಿಂಗ್ ಅವರು ಹೆಲೆನ್ ಅವರಿಗೆ ಅಪರಿಚಿತರು. ಬ್ರೈಲ್‌ನಲ್ಲಿ ಬರೆದು ತಿಳಿಸುವುದನ್ನು ಬಿಟ್ಟರೆ ಅವರೊಡನೆ ವ್ಯವಹರಿಸುವ ಮಾರ್ಗವಿರಲಿಲ್ಲ. ಪರೀಕ್ಷಾ ಮೇಲ್ವಿಚಾರಕರೂ ಅಪರಿಚಿತರೇ.

ಭಾಷಾ ವಿಷಯಗಳಲ್ಲಿ ಈ ವ್ಯವಸ್ಥೆ ಬಾಧಕವಾಗಲಿಲ್ಲ. ಗಣಿತದಲ್ಲಿ ಮಾತ್ರ ದೊಡ್ಡ ತೊಡಕು ಎದುರಾಯಿತು. ಇಂಗ್ಲಿಷ್ ಬ್ರೈಲ್, ಅಮೆರಿಕನ್ ಬ್ರೈಲ್ ಮತ್ತು ನ್ಯೂಯಾರ್ಕ್ ಪಾಯಿಂಟ್ ಎಂಬ ಮೂರು ಲಿಪಿಗಳು ಅಂದು ಬಳಕೆಯಲ್ಲಿದ್ದವು. ಈ ಮೂರರಲ್ಲೂ ಸಾಹಿತ್ಯವನ್ನು ಓದಲು ಹೆಲೆನ್ ಬಲ್ಲವರಾಗಿದ್ದರು. ಆದರೆ ಗಣಿತದ ಚಿಹ್ನೆಗಳು ಒಂದೊಂದರಲ್ಲಿ ಒಂದೊಂದು ಬಗೆಯಾಗಿದ್ದು, ಬೀಜಗಣಿತದಲ್ಲಿ ಅವರು ಬಳಸಿದ್ದು ಇಂಗ್ಲಿಷ್ ಬ್ರೈಲ್ ಒಂದನ್ನೇ. ಪರೀಕ್ಷೆಗೆ ಎರಡು ದಿನಗಳಿರುವಾಗ ವೈನಿಂಗ್ ಕಳುಹಿಸಿದ ಹಳೆಯ ಪ್ರಶ್ನೆಪತ್ರಿಕೆಯೊಂದರಿಂದ ಇದು ಗೊತ್ತಾಯಿತು. ಹೆಲೆನ್ ಕೂಡಲೇ ಪತ್ರ ಬರೆದು ಚಿಹ್ನೆಗಳ ಪಟ್ಟಿಯನ್ನು ತರಿಸಿಕೊಂಡರು. ಹಿಂದಿನ ರಾತ್ರಿಯವರೆಗೂ ಆವರಣ ಮತ್ತು ವರ್ಗಮೂಲದ ಚಿಹ್ನೆಗಳನ್ನು ಕಲಿಯುತ್ತಿದ್ದರು. ಜ್ಯಾಮಿತಿಯ ಪ್ರಮೇಯಗಳನ್ನು ಅವರು ಅಲ್ಲಿಯವರೆಗೆ ಉಬ್ಬಿದ ಸಾಮಾನ್ಯ ಅಕ್ಷರಗಳಲ್ಲಿ ಅಥವಾ ಅಂಗೈಯ ಮೂಲಕ ಓದಿದ್ದರು. ಅದೇ ಪ್ರಮೇಯಗಳು ಬ್ರೈಲ್‌ನಲ್ಲಿ ಎದುರಾದಾಗ ಗೊಂದಲವುಂಟಾಯಿತು. ತಾವು ಬೆರಳಚ್ಚು ಮಾಡಿದ್ದನ್ನು ತಾವೇ ಓದಲಾಗದ ಕಷ್ಟವೂ ಇತ್ತು. ಕೀತ್ ಅವರ ಬಳಿ ಲೆಕ್ಕಗಳನ್ನು ಬ್ರೈಲ್‌ನಲ್ಲಿ ಇಲ್ಲವೇ ಮನಸ್ಸಿನಲ್ಲಿಯೇ ಮಾಡಿ ಅಭ್ಯಾಸವಾಗಿತ್ತು.

ಇಷ್ಟಾಗಿಯೂ ಹೆಲೆನ್ ಎಲ್ಲ ವಿಷಯಗಳಲ್ಲಿ ಉತ್ತೀರ್ಣರಾದರು. ಪರೀಕ್ಷೆಯು ತಮಗೆ ಎಷ್ಟು ಕಠಿಣವಾಗುತ್ತಿದೆ ಎಂಬುದು ಆಡಳಿತ ಮಂಡಳಿಗೆ ತಿಳಿದಿರಲಿಲ್ಲವೆಂದೂ, ಯಾರನ್ನೂ ದೂರುವುದಿಲ್ಲವೆಂದೂ ಅವರು ಆತ್ಮಕಥೆಯಲ್ಲಿ ದಾಖಲಿಸಿದ್ದಾರೆ. ಈ ಪ್ರಸಂಗದಲ್ಲಿ ಅಡ್ಡಿಯಾದದ್ದು ಗಣಿತದ ಅಜ್ಞಾನವಲ್ಲ. ವಿದ್ಯಾರ್ಥಿಯು ಕಲಿತ ಲಿಪಿ ಒಂದು, ಪರೀಕ್ಷೆಯ ಲಿಪಿ ಇನ್ನೊಂದು ಆದದ್ದು.

ಕಾಲೇಜಿಗೆ ಮನವಿ

ಪ್ರವೇಶ ಪತ್ರ ಕೈಸೇರಿದ ಮೇಲೂ ಹೆಲೆನ್ ಒಂದು ವರ್ಷ ಖಾಸಗಿಯಾಗಿಯೇ ವ್ಯಾಸಂಗವನ್ನು ಮುಂದುವರಿಸಿದರು. ಪದವಿಯ ಪೂರ್ಣ ವ್ಯಾಸಂಗದ ಬದಲು ಆಯ್ದ ವಿಷಯಗಳನ್ನಷ್ಟೇ ಓದುವುದು ಲೇಸೆಂಬ ಸಲಹೆಯೂ ಅವರಿಗೆ ಬಂದಿತ್ತು. 1900ರ ಮೇ 5ರಂದು ಅವರು ರಾಡ್‌ಕ್ಲಿಫ್ ಕಾಲೇಜಿನ ಶೈಕ್ಷಣಿಕ ಮಂಡಳಿಯ ಅಧ್ಯಕ್ಷರಿಗೆ ಪತ್ರವೊಂದನ್ನು ಬರೆದರು. ತಮಗೆ ಏನೇನು ಅಗತ್ಯ ಎಂಬುದನ್ನು ಆ ಪತ್ರದಲ್ಲಿ ಸ್ಪಷ್ಟವಾಗಿ ನಿರೂಪಿಸಿದ್ದರು. ಉಪನ್ಯಾಸಗಳನ್ನು ತಿಳಿಸಲು ಮತ್ತು ಪ್ರಶ್ನೆಪತ್ರಿಕೆಗಳನ್ನು ಓದಿ ಹೇಳಲು ಸಲಿವನ್ ಅವರಾಗಲಿ ಇನ್ನೊಬ್ಬರಾಗಲಿ ತಮ್ಮೊಡನೆ ತರಗತಿಯಲ್ಲಿರಬೇಕು. ಲಿಖಿತ ಕೆಲಸವನ್ನೆಲ್ಲ ಬೆರಳಚ್ಚು ಯಂತ್ರದಲ್ಲಿ ಮಾಡುವೆ. ತಮ್ಮ ಮಾತು ಪ್ರಾಧ್ಯಾಪಕರಿಗೆ ಅರ್ಥವಾಗದಿದ್ದಲ್ಲಿ ಉತ್ತರಗಳನ್ನು ಬರೆದು ತರಗತಿಯ ನಂತರ ಒಪ್ಪಿಸುವೆ ಎಂಬುದು ಅದರ ಸಾರಾಂಶ. ಹಿಂದೆಂದೂ ಇರದಿದ್ದ ಈ ಸ್ಥಿತಿಗೆ ಕಾಲೇಜು ಹೊಂದಿಕೊಳ್ಳಬಲ್ಲುದೇ ಎಂದು ಅವರು ಮಂಡಳಿಯನ್ನು ಕೇಳಿದ್ದರು. ಅಂಗವಿಕಲ ವಿದ್ಯಾರ್ಥಿಗಳು ಇಂದು ಕಾಲೇಜುಗಳಿಗೆ ಸಲ್ಲಿಸುವ ಮನವಿಗಳ ಸ್ವರೂಪವನ್ನೇ ಈ ಪತ್ರವೂ ಹೊಂದಿದೆ. ಅಂದು ಅದನ್ನು ಮನ್ನಿಸಬೇಕೆಂಬ ಕಾನೂನು ಮಾತ್ರ ಇರಲಿಲ್ಲ.

ರಾಡ್‌ಕ್ಲಿಫ್ ಕಾಲೇಜು

ಹೆಲೆನ್ ಕೆಲರ್ 1900ರ ಶರತ್ಕಾಲದಲ್ಲಿ ಪದವಿ ವ್ಯಾಸಂಗಕ್ಕೆ ಸೇರಿದರು. ಮೊದಲ ವರ್ಷ ಫ್ರೆಂಚ್, ಜರ್ಮನ್, ಇತಿಹಾಸ, ಇಂಗ್ಲಿಷ್ ರಚನೆ ಮತ್ತು ಇಂಗ್ಲಿಷ್ ಸಾಹಿತ್ಯವನ್ನು ಅಭ್ಯಾಸ ಮಾಡಿದರು. ಉಪನ್ಯಾಸಗಳನ್ನು ಸಲಿವನ್ ಸಾಧ್ಯವಾದಷ್ಟು ವೇಗವಾಗಿ ಅಂಗೈಗೆ ಮುಟ್ಟಿಸುತ್ತಿದ್ದರು. ನೆನಪಿನಲ್ಲಿ ಉಳಿದುದನ್ನು ಹೆಲೆನ್ ಮನೆಯಲ್ಲಿ ಬರೆದಿಡುತ್ತಿದ್ದರು. ಅವರು ಬಳಸುತ್ತಿದ್ದ ಹ್ಯಾಮಂಡ್ ಬೆರಳಚ್ಚು ಯಂತ್ರದಲ್ಲಿ ಅಕ್ಷರಗಳ ಪಟ್ಟಿಯನ್ನು ಬದಲಿಸಬಹುದಾಗಿತ್ತು. ಗ್ರೀಕ್, ಫ್ರೆಂಚ್ ಮತ್ತು ಗಣಿತದ ಚಿಹ್ನೆಗಳಿಗೆ ಬೇರೆ ಬೇರೆ ಪಟ್ಟಿಗಳಿದ್ದವು.

ಪಠ್ಯಗಳಲ್ಲಿ ಬ್ರೈಲ್‌ಗೆ ಬಂದಿದ್ದವು ಕೆಲವು ಮಾತ್ರ. ಉಳಿದವನ್ನು ಅಕ್ಷರ ಅಕ್ಷರವಾಗಿ ಅಂಗೈಯಲ್ಲಿ ಓದಿಸಿಕೊಳ್ಳಬೇಕಾಗಿತ್ತು. ಇದರಿಂದ ಪಾಠದ ಸಿದ್ಧತೆಗೆ ಸಹಪಾಠಿಗಳಿಗಿಂತ ಹೆಚ್ಚು ಸಮಯ ಹಿಡಿಯುತ್ತಿತ್ತು. ಮೊದಲೇ ದುರ್ಬಲವಾಗಿದ್ದ ಸಲಿವನ್ ಅವರ ಕಣ್ಣುಗಳಿಗೆ ಈ ಓದು ಭಾರವಾಯಿತು. ವಿಲಿಯಂ ವೇಡ್ ಎಂಬ ದಾನಿ ಕೆಲವು ಗ್ರಂಥಗಳನ್ನು ಬ್ರೈಲ್‌ಗೆ ಬರೆಸಿಕೊಟ್ಟರು. ವ್ಯಾಸಂಗದ ವೆಚ್ಚವನ್ನು ತೈಲೋದ್ಯಮಿ ಹೆನ್ರಿ ರೋಜರ್ಸ್ ವಹಿಸಿಕೊಂಡರು. ಹೆಲೆನ್ ಅವರ ಪರವಾಗಿ ರೋಜರ್ಸ್ ಕುಟುಂಬಕ್ಕೆ ಶಿಫಾರಸು ಮಾಡಿದವರು ಲೇಖಕ ಮಾರ್ಕ್ ಟ್ವೇನ್. ಹೀಗೆ ಓದಿ ಹೇಳುವ ಕೆಲಸ, ಪುಸ್ತಕ ಮತ್ತು ಹಣ ಬಹುಪಾಲು ಖಾಸಗಿ ವ್ಯಕ್ತಿಗಳಿಂದಲೇ ಒದಗಿದವು.

ಇಂಗ್ಲಿಷ್ ರಚನೆಯ ಪ್ರಾಧ್ಯಾಪಕ ಚಾರ್ಲ್ಸ್ ಟೌನ್ಸೆಂಡ್ ಕೋಪ್ಲೆಂಡ್ ಅವರು, ಓದಿದ್ದನ್ನು ಅನುಕರಿಸುವ ಬದಲು ಸ್ವಂತ ಅನುಭವವನ್ನು ಬರೆಯುವಂತೆ ಹೆಲೆನ್ ಅವರನ್ನು ಪ್ರೋತ್ಸಾಹಿಸಿದರು. ಆ ತರಗತಿಗಾಗಿ ಬರೆದ ಪ್ರಬಂಧಗಳು ಅವರ ಆತ್ಮಕಥೆಗೆ ತಳಹದಿಯಾದವು. ಅದರ ಸಂಪಾದನೆಗೆ ಜಾನ್ ಮೇಸಿ ನೆರವಾದರು. 1902ರಲ್ಲಿ ಪತ್ರಿಕೆಯೊಂದರಲ್ಲಿ ಧಾರಾವಾಹಿಯಾಗಿ ಬಂದ ಆ ಕೃತಿ, ಹೆಲೆನ್ ಇನ್ನೂ ವಿದ್ಯಾರ್ಥಿನಿಯಾಗಿದ್ದಾಗಲೇ, 1903ರಲ್ಲಿ ‘ದಿ ಸ್ಟೋರಿ ಆಫ್ ಮೈ ಲೈಫ್’ ಎಂಬ ಪುಸ್ತಕವಾಗಿ ಪ್ರಕಟವಾಯಿತು. ಕಾಲೇಜಿನ ಓಟದಲ್ಲಿ ಚಿಂತನೆಗೆ ಬಿಡುವಿಲ್ಲವೆಂಬ ಅಸಮಾಧಾನವನ್ನೂ ಅವರು ಅದರಲ್ಲಿ ತೋಡಿಕೊಂಡಿದ್ದಾರೆ.

1904ರ ಜೂನ್‌ನಲ್ಲಿ ಹೆಲೆನ್ ಕೆಲರ್ ಗೌರವಶ್ರೇಣಿಯೊಂದಿಗೆ ಬಿ.ಎ. ಪದವಿ ಪಡೆದರು. ನಾಲ್ಕು ವರ್ಷವೂ ಪಕ್ಕದಲ್ಲಿ ಕುಳಿತು ಪಾಠಗಳನ್ನು ಆಲಿಸಿದ್ದ ಆನ್ ಸಲಿವನ್ ಅವರಿಗೆ ಯಾವ ಪದವಿಯೂ ದೊರೆಯಲಿಲ್ಲ.

ಸಾರ್ವಜನಿಕ ಜೀವನ

1905ರಲ್ಲಿ ಸಲಿವನ್ ಅವರು ಜಾನ್ ಮೇಸಿ ಅವರನ್ನು ವಿವಾಹವಾದರು. ಹೆಲೆನ್ ಅವರೊಡನೆಯೇ ವಾಸಿಸಿದರು. 1906ರಲ್ಲಿ ಹೆಲೆನ್ ಮ್ಯಾಸಚೂಸೆಟ್ಸ್ ರಾಜ್ಯದ ಅಂಧರ ಆಯೋಗದ ಸದಸ್ಯರಾದರು. ಲೈಂಗಿಕ ರೋಗಗಳಿಂದ ನವಜಾತ ಶಿಶುಗಳಿಗೆ ತಗಲುವ ಕಣ್ಣಿನ ಸೋಂಕಿನ ಕುರಿತು ಬಹಿರಂಗವಾಗಿ ಬರೆದು, ಅದನ್ನು ತಡೆಯಬಹುದೆಂದು ಪ್ರಚಾರ ಮಾಡಿದರು. ಬಡತನ ಮತ್ತು ಅಸುರಕ್ಷಿತ ದುಡಿಮೆ ಅಂಧತ್ವಕ್ಕೆ ಕಾರಣವಾಗುತ್ತಿರುವುದನ್ನು ಅರಿತು 1909ರಲ್ಲಿ ಸಮಾಜವಾದಿ ಪಕ್ಷವನ್ನು ಸೇರಿದರು. ಮಹಿಳೆಯರ ಮತದಾನದ ಹಕ್ಕನ್ನು ಬೆಂಬಲಿಸಿದರು, ಮೊದಲ ಮಹಾಯುದ್ಧವನ್ನು ವಿರೋಧಿಸಿದರು. 1920ರಲ್ಲಿ ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಸಂಸ್ಥೆಯ ಸ್ಥಾಪಕರಲ್ಲಿ ಒಬ್ಬರಾದರು.

1924ರಿಂದ ಅವರು ಅಮೆರಿಕನ್ ಫೌಂಡೇಶನ್ ಫಾರ್ ದಿ ಬ್ಲೈಂಡ್ ಸಂಸ್ಥೆಗಾಗಿ ದುಡಿದರು. ಒಂದೇ ಬಗೆಯ ಬ್ರೈಲ್ ಲಿಪಿ ಬಳಕೆಗೆ ಬರಬೇಕೆಂಬುದು ಅವರ ಬಹುಕಾಲದ ಒತ್ತಾಯವಾಗಿತ್ತು. 1932ರಲ್ಲಿ ಅಮೆರಿಕ ಮತ್ತು ಬ್ರಿಟನ್ನಿನ ಪ್ರತಿನಿಧಿಗಳು ಏಕರೂಪದ ಇಂಗ್ಲಿಷ್ ಬ್ರೈಲ್ ಅನ್ನು ಒಪ್ಪಿಕೊಂಡರು. ಅಂಧ ವಯಸ್ಕರಿಗೆ ಸರ್ಕಾರದ ವೆಚ್ಚದಲ್ಲಿ ಪುಸ್ತಕ ಒದಗಿಸುವ ಅಮೆರಿಕದ 1931ರ ಕಾಯಿದೆಯನ್ನೂ ಅವರು ಬೆಂಬಲಿಸಿದ್ದರು.

ಆನ್ ಸಲಿವನ್ 1936ರ ಅಕ್ಟೋಬರ್ 20ರಂದು ನಿಧನರಾದರು. ಅನಂತರ ಪಾಲಿ ಥಾಮ್ಸನ್ ಅವರು ಹೆಲೆನ್ ಅವರ ಸಹಾಯಕಿಯಾಗಿ ಮುಂದುವರಿದರು. ಎರಡನೆಯ ಮಹಾಯುದ್ಧದ ನಂತರ ಹೆಲೆನ್ ಹಲವು ದೇಶಗಳಲ್ಲಿ ಪ್ರವಾಸ ಮಾಡಿ ಅಂಧರ ಶಿಕ್ಷಣದ ಪರವಾಗಿ ಉಪನ್ಯಾಸ ನೀಡಿದರು. 1955ರಲ್ಲಿ ಭಾರತಕ್ಕೂ ಬಂದಿದ್ದ ಅವರು ಪ್ರಧಾನಿ ಜವಾಹರಲಾಲ್ ನೆಹರು ಅವರನ್ನು ಭೇಟಿಯಾದರು. ಅದೇ ವರ್ಷ ಹಾರ್ವರ್ಡ್ ವಿಶ್ವವಿದ್ಯಾಲಯವು ಅವರಿಗೆ ಗೌರವ ಪದವಿ ನೀಡಿತು. ಆ ವಿಶ್ವವಿದ್ಯಾಲಯದಿಂದ ಗೌರವ ಪದವಿ ಪಡೆದ ಮೊದಲ ಮಹಿಳೆ ಇವರು.

ವಿಮರ್ಶೆ

1915ರಲ್ಲಿ ಷಿಕಾಗೋ ನಗರದ ವೈದ್ಯರೊಬ್ಬರು ಹುಟ್ಟಿನಿಂದ ತೀವ್ರ ನ್ಯೂನತೆಗಳಿದ್ದ ಶಿಶುವೊಂದಕ್ಕೆ ಶಸ್ತ್ರಚಿಕಿತ್ಸೆ ಮಾಡದೆ ಸಾಯಲು ಬಿಟ್ಟರು. ಈ ನಿರ್ಧಾರವನ್ನು ಹೆಲೆನ್ ಬೆಂಬಲಿಸಿ, ಇಂತಹ ಪ್ರಕರಣಗಳನ್ನು ವೈದ್ಯರ ಮಂಡಳಿ ತೀರ್ಮಾನಿಸಬೇಕೆಂದು ಬರೆದರು. ತಮ್ಮ ಸಾಮರ್ಥ್ಯದ ಬಗ್ಗೆ ಇತರರು ಮುಂಚಿತವಾಗಿ ತೀರ್ಪು ನೀಡಬಾರದೆಂದು ಕಾಲೇಜಿನೆದುರು ವಾದಿಸಿದ್ದ ಅವರೇ ಈ ನಿಲುವು ತಳೆದದ್ದು ಅಂಗವಿಕಲರ ಹಕ್ಕುಗಳ ಚಿಂತಕರ ತೀವ್ರ ಟೀಕೆಗೆ ಒಳಗಾಗಿದೆ. ಅವರ ಜೀವನವನ್ನು ಕೇವಲ ಛಲದ ಕಥೆಯಾಗಿ ಹೇಳುವುದರಿಂದ, ಅವರಿಗೆ ದೊರೆತ ಅಸಾಧಾರಣ ನೆರವು ಮರೆಯಾಗುತ್ತದೆ ಎಂಬ ಆಕ್ಷೇಪವೂ ಇದೆ. ಅವರ ನಂತರ ಅಮೆರಿಕದಲ್ಲಿ ಪದವಿ ಪಡೆದ ಎರಡನೆಯ ಅಂಧ-ಬಧಿರ ವ್ಯಕ್ತಿ ಎಂದು ಗುರುತಿಸಲಾಗುವ ರಾಬರ್ಟ್ ಸ್ಮಿತ್‌ಡಾಸ್ ಪದವೀಧರರಾದದ್ದು 1950ರಲ್ಲಿ.

ನಿಧನ

1961ರಲ್ಲಿ ಪಾರ್ಶ್ವವಾಯುವಿಗೆ ತುತ್ತಾದ ಮೇಲೆ ಹೆಲೆನ್ ಸಾರ್ವಜನಿಕ ಜೀವನದಿಂದ ನಿವೃತ್ತರಾದರು. 1964ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ಅವರಿಗೆ ಅಧ್ಯಕ್ಷೀಯ ಸ್ವಾತಂತ್ರ್ಯ ಪದಕವನ್ನು ಘೋಷಿಸಿದರು. 1968ರ ಜೂನ್ 1ರಂದು ಕನೆಕ್ಟಿಕಟ್ ರಾಜ್ಯದ ತಮ್ಮ ನಿವಾಸದಲ್ಲಿ ಅವರು ನಿಧನರಾದರು. ಅವರ ಚಿತಾಭಸ್ಮವನ್ನು ವಾಷಿಂಗ್ಟನ್ನಿನ ನ್ಯಾಷನಲ್ ಕೆಥೆಡ್ರಲ್‌ನಲ್ಲಿ ಸಲಿವನ್ ಮತ್ತು ಥಾಮ್ಸನ್ ಅವರ ಚಿತಾಭಸ್ಮದ ಬಳಿ ಇರಿಸಲಾಗಿದೆ.

ಉನ್ನತ ಶಿಕ್ಷಣದಲ್ಲಿ ನಂತರದ ಬೆಳವಣಿಗೆಗಳು

ಹೆಲೆನ್ ಕೆಲರ್ ಮನವಿಯಾಗಿ ಕೇಳಿದ್ದು ಅವರ ಮರಣಾನಂತರ ಕಾನೂನಿನ ಹಕ್ಕಾಯಿತು. ಅಮೆರಿಕದ 1973ರ ಪುನರ್ವಸತಿ ಕಾಯಿದೆಯ 504ನೆಯ ಸೆಕ್ಷನ್, ಕೇಂದ್ರ ಸರ್ಕಾರದ ಹಣ ಪಡೆಯುವ ಸಂಸ್ಥೆಗಳು ಅಂಗವಿಕಲತೆಯ ಕಾರಣದಿಂದ ತಾರತಮ್ಯ ಮಾಡುವುದನ್ನು ನಿಷೇಧಿಸಿತು. 1990ರ ಅಂಗವಿಕಲ ಅಮೆರಿಕನ್ನರ ಕಾಯಿದೆ ಇದರ ವ್ಯಾಪ್ತಿಯನ್ನು ಹಿಗ್ಗಿಸಿತು. ಸನ್ನೆಭಾಷೆಯ ದುಭಾಷಿಗಳು, ಬ್ರೈಲ್ ಅಥವಾ ಧ್ವನಿರೂಪದ ಪಠ್ಯ, ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಪ್ರತ್ಯೇಕ ಕೊಠಡಿ ಮುಂತಾದವನ್ನು ಅಲ್ಲಿಯ ಕಾಲೇಜುಗಳು ಇಂದು ವಿದ್ಯಾರ್ಥಿಯ ಅಗತ್ಯಕ್ಕೆ ತಕ್ಕಂತೆ ಒದಗಿಸುತ್ತವೆ.

ಭಾರತದಲ್ಲಿ ವಿವಿಧ ಪ್ರಾದೇಶಿಕ ಬ್ರೈಲ್ ಪದ್ಧತಿಗಳ ಬದಲಿಗೆ 1951ರಲ್ಲಿ ಭಾರತಿ ಬ್ರೈಲ್ ರೂಪುಗೊಂಡಿತು. ಕನ್ನಡ ಬ್ರೈಲ್ ಇದರದೇ ಭಾಗವಾಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯಿದೆಯು ಅಂಧ-ಬಧಿರತೆಯನ್ನು ಬಹುವಿಧ ಅಂಗವಿಕಲತೆಯಲ್ಲಿ ಸೇರಿಸಿದೆ. ಸರ್ಕಾರಿ ಹಾಗೂ ಅನುದಾನಿತ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಗಣನೀಯ ಪ್ರಮಾಣದ ಅಂಗವಿಕಲತೆಯುಳ್ಳವರಿಗೆ ಶೇಕಡಾ 5ಕ್ಕೆ ಕಡಿಮೆಯಿಲ್ಲದಷ್ಟು ಸ್ಥಾನಗಳನ್ನು ಅದು ಮೀಸಲಿರಿಸಿದೆ. ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ ಮತ್ತು ಲಿಪಿಕಾರರ ಸೌಲಭ್ಯದಂತಹ ಮಾರ್ಪಾಡುಗಳನ್ನೂ ಉಲ್ಲೇಖಿಸಿದೆ. ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರಕಾರ, ಲಿಪಿಕಾರರ ನೆರವು ಪಡೆಯುವ ಅರ್ಹ ಅಭ್ಯರ್ಥಿಗೆ ಪ್ರತಿ ಗಂಟೆಗೆ ಕನಿಷ್ಠ 20 ನಿಮಿಷಗಳ ಹೆಚ್ಚುವರಿ ಸಮಯ ದೊರೆಯಬೇಕಾಗಿತ್ತು. ಪ್ರಶ್ನೆಪತ್ರಿಕೆಯನ್ನು ಬ್ರೈಲ್, ಕಂಪ್ಯೂಟರ್ ಅಥವಾ ದೊಡ್ಡ ಅಕ್ಷರಗಳಂತಹ ರೂಪಗಳಲ್ಲಿ ಯಾವುದರಲ್ಲಿ ಪಡೆಯಬೇಕೆಂಬ ಆಯ್ಕೆಯನ್ನೂ ಈ ಮಾರ್ಗಸೂಚಿ ಅಭ್ಯರ್ಥಿಗೇ ಬಿಟ್ಟಿತ್ತು.